ನಾಲ್ಕು ಬೆರಳು ಕಲ್ಲು

ನನ್ನ ದನಿ ದೊಡ್ಡದು. ಇಪ್ಪತ್ತೆಂಟು ವರ್ಷ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಈಗ ‘ಊಟ ಆಯ್ತಾ?’ ಎಂದು ಕೇಳಿದರೂ ಜನ ಜಗಳಕ್ಕೆ ಬಂದಳು ಅಂದುಕೊಳ್ಳುತ್ತಾರೆ. ಕೋಪ ಮಾತ್ರ ಹುಟ್ಟಿದಾಗಿನಿಂದಲೇ ಇದೆ. ಅದರ ತಪ್ಪನ್ನು ಮೋಟಾರಿನ ಮೇಲೆ ಹಾಕಲಾರೆ.

ಗಿರಣಿಗೆ ಬಂದವರಿಗೆಲ್ಲ ನನ್ನದು ಒಂದೇ ಪ್ರಶ್ನೆ: ‘ನುಣ್ಣಗೋ, ತರಿಯೋ?’ ಅಷ್ಟು ಹೇಳಿದರೆ ಕಲ್ಲು ಎಷ್ಟು ಬಿಗಿ ಮಾಡಬೇಕು, ಎಷ್ಟು ಸಡಿಲ ಬಿಡಬೇಕು ಎಂದು ಕೈಗೆ ಗೊತ್ತು. ಲೋಕದಲ್ಲಿ ನುಣ್ಣಗೆ ಎನ್ನುವ ಮಾತಿನ ಬಗ್ಗೆ ನನಗಿಂತ ಹೆಚ್ಚು ತಿಳಿದವರಿಲ್ಲ ಎಂದುಕೊಂಡಿದ್ದೆ. ನನ್ನ ಸೊಸೆಯ ಐದನೇ ಕ್ಲಾಸಿನ ಮಕ್ಕಳು ಆ ಜಂಬ ಇಳಿಸಿದರು.

ಸೊಸೆ ಟೀಚರ್. ಮಗ ಊರೂರಿಗೆ ಬಸ್ಸು ಓಡಿಸುತ್ತಾನೆ, ವಾರಕ್ಕೆ ಎರಡು ದಿನ ಮನೆ ಸೇರಿದರೆ ಹೆಚ್ಚು. ಉಳಿದ ದಿನ ಗಿರಣಿಯ ಪಕ್ಕದ ಎರಡು ಕೋಣೆಗಳಲ್ಲಿ ನಾವಿಬ್ಬರೇ. ಅವಳಿಗೆ ಸಿಟ್ಟು ಬರುವುದಿಲ್ಲ, ನನಗೆ ಬಂದದ್ದು ಹೋಗುವುದಿಲ್ಲ. ಹೀಗಾಗಿ ಸಂಸಾರ ಸಮವಾಗಿ ನಡೆದಿದೆ. ಒಂದು ಸಂಜೆ ಅವಳು ಪರೀಕ್ಷೆಯ ಉತ್ತರಪತ್ರಿಕೆಗಳ ಮೇಲೆ ಹಣೆ ಇಟ್ಟು ಕೂತಿದ್ದಳು.

“ಅತ್ತೆ, ಇದನ್ನ ಕೇಳಿ. ‘ಹಳೆಯ ಬೆಟ್ಟಗಳು ನುಣ್ಣಗಿರಲು ಕಾರಣವೇನು?’ ಅಂತ ಕೇಳಿದ್ದೆ. ಮಳೆ, ಗಾಳಿ, ಬಿಸಿಲಿಗೆ ಸವೆದು ಅಂತ ಬರೀಬೇಕು. ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಜನ ಏನು ಬರ್ದಿದ್ದಾರೆ ಗೊತ್ತಾ?”

“ಏನು?”

“‘ದೂರದಲ್ಲಿ ಇರುವುದರಿಂದ.’”

ನಾನು ನಕ್ಕ ನಗೆಗೆ ಬೋಗುಣಿಯಲ್ಲಿದ್ದ ಹಿಟ್ಟು ಹಾರಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಆ ಗಾದೆಯನ್ನು ಹಿಂದಿನ ವಾರವಷ್ಟೇ ಭಾಷೆಯ ಪಾಠದಲ್ಲಿ ಇವಳೇ ಹೇಳಿಕೊಟ್ಟಿದ್ದಳಂತೆ, ಹತ್ತು ಸಲ ಬರೆಸಿಯೂ ಇದ್ದಳಂತೆ.

“ನಗಬೇಡಿ ಅತ್ತೆ. ನಮ್ಮ ಬೇಕರಿಯವರ ಮಗಳು ಇನ್ನೊಂದು ಸಾಲು ಸೇರಿಸಿದ್ದಾಳೆ. ‘ದೂರದಲ್ಲಿ ಇರುವುದರಿಂದ. ಆದರೆ ನಾನು ಹತ್ತಿರ ಹೋಗಿ ನೋಡಿಲ್ಲ.’”

ಈ ಬೇಕರಿಯವನ ಮಗಳನ್ನು ಮಕ್ಕಳೆಲ್ಲ ‘ಆದ್ರೆ’ ಎಂದೇ ಕರೆಯುತ್ತಿದ್ದರು. ಯಾರು ಏನೇ ಹೇಳಲಿ, ಅವಳ ಬಾಯಿಂದ ಮೊದಲು ಬೀಳುವ ಮಾತು ಅದೇ. ಎರಡು ಜಡೆ, ಒಂದು ಮುರಿದ ಹಲ್ಲು, ನೆಟ್ಟ ನೋಟ.

“ಪಾಪ, ಆ ಮಗು ಸರಿಯಾಗೇ ಬರ್ದಿದೆ. ಬೆಟ್ಟ ತೋರಿಸಿದ್ರೆ ತಾನೇ ಗೊತ್ತಾಗೋದು?” ಎಂದೆ.

“ಬೆಟ್ಟ ಸವೆಯೋದನ್ನ ಎಲ್ಲಿಂದ ತೋರಿಸ್ಲಿ? ಲಕ್ಷಾಂತರ ವರ್ಷ ಬೇಕು.”

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಬಾಗಿಲಾಚೆ ಗಿರಣಿಯ ಕಡೆ ಹೋಯಿತು.

ಶನಿವಾರ ಮಕ್ಕಳೆಲ್ಲ ಬಂದರು. ಅವತ್ತು ಕಲ್ಲು ಕುಟ್ಟುವ ದಿನ. ಬೀಸಿ ಬೀಸಿ ಗಿರಣಿ ಕಲ್ಲಿನ ಮುಖ ನುಣ್ಣಗಾದರೆ ಕಾಳು ಜಾರುತ್ತದೆ, ಹಿಟ್ಟು ಬಿಸಿಯಾಗಿ ಕೆಡುತ್ತದೆ. ಆಗ ಕಲ್ಲನ್ನು ಇಳಿಸಿ, ಉಳಿ ಸುತ್ತಿಗೆ ಹಿಡಿದು, ಮುಖದ ತುಂಬ ಸಣ್ಣ ಸಣ್ಣ ಗುಳಿ ಹೊಡೆಯಬೇಕು. ಕೈ ಬೀಳುವ ಕೆಲಸ. ಮಕ್ಕಳು ಸುತ್ತ ಕೂತು ನೋಡಿದರು. ಒಬ್ಬ ಸೀನಿದ, ಇಬ್ಬರು ಬಿಳಿ ಮೀಸೆ ಬರೆದುಕೊಂಡರು.

ಸೊಸೆ ಗೋಡೆಯ ಬುಡ ತೋರಿಸಿದಳು. ಕಲ್ಲು ತಂದ ದಿನ ನಮ್ಮ ಯಜಮಾನರು ಅದನ್ನು ಗೋಡೆಗೆ ತಾಗಿಸಿ ಮಲಗಿಸಿ, ಎಷ್ಟು ದಪ್ಪ ಇದೆ ಎಂದು ಮೊಳೆಯಿಂದ ಗೀರಿದ ಗೆರೆ ಅದು. ಈಗ ಅದೇ ಕಲ್ಲನ್ನು ಅಲ್ಲೇ ಮಲಗಿಸಿದರೆ ಗೆರೆಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು ತೂರುತ್ತದೆ. ಮೂವತ್ತೊಂದು ಮಕ್ಕಳೂ ಸಾಲಾಗಿ ಬಂದು ಬೆರಳಿಟ್ಟು ನೋಡಿದರು.

“ಕಾಳು ಮೆತ್ತಗೆ, ಕಲ್ಲು ಗಟ್ಟಿ. ಆದರೂ ಇಷ್ಟು ಸವೆದಿದೆ. ಸ್ವಲ್ಪ ಕಾಳು ಸವೆಸಿತು, ಸ್ವಲ್ಪ ಉಳಿ ಸವೆಸಿತು. ಬೆಟ್ಟಕ್ಕೆ ಮಳೆ, ಗಾಳಿ ಮಾಡೋದೂ ಹೀಗೇನೇ. ಇಲ್ಲಿ ಇಪ್ಪತ್ತೆಂಟು ವರ್ಷ, ಅಲ್ಲಿ ಲಕ್ಷಾಂತರ ವರ್ಷ. ಸರಿ, ಬೆಟ್ಟದಿಂದ ಸವೆದ ಕಲ್ಲು ಎಲ್ಲಿಗೆ ಹೋಗುತ್ತೆ?” ಎಂದಳು ಸೊಸೆ.

“ಹೊಳೆಗೆ ಮಿಸ್! ಮರಳಾಗುತ್ತೆ, ಮಣ್ಣಾಗುತ್ತೆ, ತಗ್ಗಲ್ಲಿ ಕೂತು ಮತ್ತೆ ಕಲ್ಲಾಗುತ್ತೆ!” ಎಂದು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸಿದರು. ನನ್ನ ಎದೆ ಉಬ್ಬಿತು. ನನ್ನ ಸೊಸೆ ಅಂದರೆ ಸುಮ್ಮನೆಯೇ?

“ಆದ್ರೆ ಮಿಸ್,” ಎಂದಿತು ಒಂದು ದನಿ. “ಇಲ್ಲಿ ಹೊಳೆ ಇಲ್ವಲ್ಲ. ಈ ನಾಲ್ಕು ಬೆರಳು ಕಲ್ಲು ಎಲ್ಲಿ ಹೋಯ್ತು?”

ಹುಡುಗಿ ಕಲ್ಲು ನೋಡಿದಳು, ಹಿಟ್ಟು ಬೀಳುವ ಬಾಯಿ ನೋಡಿದಳು, ತನ್ನ ಹೊಟ್ಟೆ ನೋಡಿಕೊಂಡಳು.

“ನಾವು ತಿಂದ್ವಿ!”

ಮಕ್ಕಳಿಗೆ ಹಬ್ಬವೋ ಹಬ್ಬ. ಹೊಟ್ಟೆ ತಟ್ಟಿಕೊಂಡು, “ನನ್ನೊಳಗೆ ಬೆಟ್ಟ ಇದೆ, ನಿನ್ನೊಳಗೆ ಗುಡ್ಡ ಇದೆ” ಎಂದು ಕುಣಿದವು. ಸೊಸೆ ನಕ್ಕಳು. ನಾನೂ ನಕ್ಕೆ. ಆಗ ನಗುವ ಬದಲು ನಾಲ್ಕು ಮಾತು ಬಿಡಿಸಿ ಹೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಶನಿವಾರ ಮಧ್ಯಾಹ್ನ ಮನೆಮನೆಗೆ ಹೋದ ಸುದ್ದಿ, ‘ಗಿರಣಿ ಕಲ್ಲು ಸವೆದಿದೆ.’ ಸಂಜೆ ಹೊತ್ತಿಗೆ ಅದು, ‘ಹಿಟ್ಟಿನಲ್ಲಿ ಕಲ್ಲು ಬರುತ್ತದೆ.’ ಸೋಮವಾರ ಕ್ಷೌರದಂಗಡಿಯಿಂದ ಹೊರಬಿದ್ದಾಗ ಅದಕ್ಕೆ ಕೈಕಾಲು ಮೂಡಿತ್ತು: ‘ಗಿರಣಿಯವಳು ತೂಕ ಬರಲಿ ಅಂತ ಕಲ್ಲಿನ ಪುಡಿ ಬೆರೆಸುತ್ತಾಳೆ.’ ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ತಲೆದೂಗಿದವರೂ ಇದ್ದರು. ಅವರಲ್ಲಿ ಒಬ್ಬಳಂತೂ ಹೋದ ವಾರವಷ್ಟೇ ನನ್ನ ಹತ್ತಿರ ಪುಕ್ಕಟೆ ಹೊಟ್ಟು ಒಯ್ದಿದ್ದಳು.

ಮಂಗಳವಾರ ಬೇಕರಿಯ ಗೋಧಿ ಚೀಲಗಳು ಬರಲಿಲ್ಲ. ನಾನು ಬೀಸುವ ನಾಲ್ಕು ಚೀಲದಲ್ಲಿ ಮೂರು ಬೇಕರಿಯದು. ಅದು ಹೋದರೆ ಗಿರಣಿಗೆ ಬೀಗ ಹಾಕಬೇಕು, ಬೇರೆ ಮಾತಿಲ್ಲ. ಸೆರಗಿನ ಹಿಟ್ಟು ಕೊಡವಿಕೊಂಡು ನೇರ ಬೇಕರಿಗೆ ನಡೆದೆ.

ಬೇಕರಿಯವನು ಒಳ್ಳೆಯ ಮನುಷ್ಯ, ಸ್ವಲ್ಪ ಪುಕ್ಕಲ. ಟ್ರೇ ಕೆಳಗಿಟ್ಟು ಕೈ ಒರೆಸಿಕೊಂಡ.

“ಅಕ್ಕ, ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಆದ್ರೆ ಗಿರಾಕಿಗಳು ಬ್ರೆಡ್ಡು ಹಿಸುಕಿ ಹಿಸುಕಿ ನೋಡ್ತಾರೆ. ಹಲ್ಲಲ್ಲಿ ಕರಕರ ಅಂತು ಅಂತಾರೆ. ನನಗೂ ಹೆಸರು ಮುಖ್ಯ ಅಲ್ವಾ? ಪ್ಯಾಕೆಟ್ ಹಿಟ್ಟಿನವರು ಶನಿವಾರ ಸಂಜೆ ಬರ್ತಾರೆ. ಒಂದು ವರ್ಷಕ್ಕೆ ಅವರ ಹತ್ರಾನೇ ತಗೊಳ್ತೀನಿ ಅಂತ ಬರೆದುಕೊಡಬೇಕು.”

“ಶನಿವಾರ?”

“ಹೂಂ ಅಕ್ಕ.”

“ಏನಯ್ಯಾ, ಹುಟ್ಟಿದಾಗಿನಿಂದ ನನ್ನ ಹಿಟ್ಟು ತಿಂದು ಗುಂಡುಕಲ್ಲಿನ ಹಾಗೆ ಇದ್ದೀಯಲ್ಲ, ಒಂದು ದಿನ ಹೊಟ್ಟೆನೋವು ಅಂದಿದ್ದೀಯಾ?” ಎಂದು ಕೂಗಿದೆ. ಲೆಕ್ಕ ತಪ್ಪು. ಅವನಿಗೆ ನಲವತ್ತು, ನನ್ನ ಗಿರಣಿಗೆ ಇಪ್ಪತ್ತೆಂಟು. ಕೋಪಕ್ಕೆ ಕೂಡು ಕಳೆ ಬರುವುದಿಲ್ಲ.

ಕಪಾಟಿನ ಹಿಂದಿನಿಂದ ಎರಡು ಜಡೆ ಮೇಲೆದ್ದವು. “ಆದ್ರೆ ಅಜ್ಜಿ, ಅಪ್ಪ ಗುಂಡುಕಲ್ಲಿನ ಹಾಗೆ ಇರೋದು ಕಲ್ಲು ತಿಂದಿದ್ದಕ್ಕಾ?”

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು. ಒಬ್ಬರು ಕೈಯಲ್ಲಿದ್ದ ಬ್ರೆಡ್ಡನ್ನು ಮೆಲ್ಲಗೆ ವಾಪಸು ಇಟ್ಟರು. ಅದನ್ನು ನೋಡಿದ್ದೇ ನನ್ನ ಬಾಯಿಗೆ ತಡೆ ಇಲ್ಲದಂತಾಯಿತು.

“ಮುಚ್ಚು ಬಾಯಿ! ನಿನ್ನ ಒಂದು ಆದ್ರೆಯಿಂದ ನನ್ನ ತಲೆ ಮೇಲೆ ಚಪ್ಪಡಿ ಎಳೆದೆ. ಇನ್ನೊಂದು ಸಲ ಆ ಮಾತು ನಿನ್ನ ಬಾಯಲ್ಲಿ ಬಂದ್ರೆ ನೋಡು!”

ಹುಡುಗಿ ಅಳಲಿಲ್ಲ. ಮುರಿದ ಹಲ್ಲು ಕಾಣದ ಹಾಗೆ ತುಟಿ ಬಿಗಿಹಿಡಿದು ಒಳಗೆ ಹೋದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದ್ದವಳು ನಾನೇ. ಬೇಕರಿಯಿಂದ ಗಿರಣಿಗೆ ಇರುವುದು ಇನ್ನೂರು ಹೆಜ್ಜೆ, ಮನೆ ಮುಟ್ಟುವ ಮೊದಲೇ ನಾಚಿಕೆಯಾಯಿತು. ಆದರೂ ತಿರುಗಿ ಹೋಗಲಿಲ್ಲ.

ಗುರುವಾರ ಸೊಸೆ ಅನ್ನ ಕಲಸುತ್ತಾ ಕೂತವಳು ಇದ್ದಕ್ಕಿದ್ದಂತೆ ಹೇಳಿದಳು, “ಅತ್ತೆ, ಆ ಹುಡುಗಿ ಎರಡು ದಿನದಿಂದ ಬಾಯೇ ಬಿಟ್ಟಿಲ್ಲ. ಬೇಕು ಅಂತಲೇ ತಪ್ಪು ಹೇಳಿದೆ. ಸೂರ್ಯ ಪಶ್ಚಿಮದಲ್ಲಿ ಹುಟ್ತಾನೆ ಅಂದೆ. ಸುಮ್ಮನೆ ಬರ್ಕೊಂಡಳು.”

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

“ತಪ್ಪು ನಂದೇ. ಮಕ್ಕಳನ್ನ ಇಲ್ಲಿಗೆ ಕರ್ಕೊಂಡು ಬರಬಾರದಿತ್ತು. ಇನ್ಮೇಲೆ ಪುಸ್ತಕದಲ್ಲಿ ಇರೋದನ್ನ ಓದಿ ಹೇಳಿ ಬಿಡ್ತೀನಿ.”

ಅವಳ ತಪ್ಪಲ್ಲ ಎಂದು ಹೇಳಬೇಕಿತ್ತು. ಅನ್ನ ನುಂಗಿದ ಹಾಗೆ ಆ ಮಾತನ್ನೂ ನುಂಗಿದೆ.

ಶುಕ್ರವಾರ ಇನ್ನೊಂದು ಕಾಟ. ಪಕ್ಕದ ಇಸ್ತ್ರಿ ಅಂಗಡಿಯವನು ಹಿತ್ತಲ ಗೋಡೆಯ ಮೇಲೆ ಕತ್ತು ಚಾಚಿ ಕೇಳಿದ, “ಅಕ್ಕ, ಅಲ್ಲೇನೋ ಬಿಳೀ ರಾಶಿ ಇದ್ಯಲ್ಲ, ಅದೇನದು?”

“ಕಸ ಕಣಯ್ಯ,” ಎಂದು ಒಳಗೆ ಬಂದೆ. ಅದು ಕಲ್ಲು ಕುಟ್ಟಿದ ಪುಡಿ. ಪ್ರತಿ ಸಲ ಕುಟ್ಟಿದ ಮೇಲೆ ಮುಖವನ್ನು ಗುಡಿಸಿ ಒರೆಸಿ, ಒಂದು ಬೋಗುಣಿ ಹೊಟ್ಟು ಹಾಕಿ ಬೀಸಿ, ಆ ಮೊದಲ ಬೀಸನ್ನು ಪುಡಿಯ ಜೊತೆಗೇ ಹಿತ್ತಲಿಗೆ ಎಸೆಯುತ್ತೇವೆ. ಕಲ್ಲಿನ ಚೂರು ಯಾರ ಹಿಟ್ಟಿಗೂ ಹೋಗದಿರಲಿ ಎಂದೇ ಹಾಗೆ ಮಾಡುವುದು. ಎಸೆದು ಎಸೆದು ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ದಿಬ್ಬವೇ ಎದ್ದಿತ್ತು. ಮೇಲೆ ಹುಲ್ಲೂ ಬೆಳೆದಿತ್ತು. ಇಷ್ಟು ವರ್ಷ ಅದನ್ನು ಕಸ ಎಂದು ಬಿಟ್ಟರೆ ಬೇರೇನೂ ಅಂದುಕೊಂಡಿರಲಿಲ್ಲ. ಈಗ ಊರ ಕಣ್ಣಿಗೆ ಅದು ಏನಾಗಿ ಕಾಣುತ್ತದೆ? ‘ನೋಡಿ, ಬೆರೆಸೋಕೆ ರಾಶಿ ಹಾಕಿ ಇಟ್ಟಿದ್ದಾಳೆ.’ ಅಷ್ಟು ಸಾಕು.

ಶನಿವಾರ ಬೆಳಗ್ಗೆ ಸೊಸೆ ಶಾಲೆಗೆ ಹೊರಟ ತಕ್ಷಣ ಹಾರೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ಇಸ್ತ್ರಿಯವನು ಅಂಗಡಿ ತೆಗೆಯುವುದರೊಳಗೆ ದಿಬ್ಬವನ್ನು ಒಡೆದು ಚೀಲಕ್ಕೆ ತುಂಬಿ ಎಲ್ಲಾದರೂ ಸಾಗಿಸುವ ಯೋಚನೆ. ಹೌದು, ಮುಚ್ಚಿಡಲಿಕ್ಕೇ ಹೋದದ್ದು. ಕಳ್ಳತನ ಮಾಡದೆಯೂ ಕಳ್ಳಿಯ ಬುದ್ಧಿ ಬಂದಿತ್ತು.

ಪುಡಿ ಎಂದುಕೊಂಡಿದ್ದೆ, ಹಾರೆ ಟಣ್ ಎಂದಿತು. ದಿಬ್ಬ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಸಿಟ್ಟಿನಿಂದ ಎರಡನೇ ಏಟು ಹಾಕಿದೆ, ಮುಂಭಾಗದ ಒಂದು ದೊಡ್ಡ ಹೆಂಟೆ ಕಳಚಿಕೊಂಡು ಬಿತ್ತು. ಒಳಮೈ ನೀಟಾಗಿ ಕಂಡಿತು. ಪಟ್ಟೆ ಪಟ್ಟೆ. ಒಂದು ಬೂದು ಪಟ್ಟೆ, ಒಂದು ಕಂದು, ಮೇಲೊಂದು ದಾರದಷ್ಟು ಸಣ್ಣ ಬಿಳಿ ಗೆರೆ. ಮತ್ತೆ ಬೂದು, ಕಂದು, ಬಿಳಿ.

ಮೂರನೇ ಏಟಿಗೆ ಹಾರೆ ಎತ್ತಿದೆ.

“ಆದ್ರೆ ಅಜ್ಜಿ!”

ತಿರುಗಿದೆ. ಹಿತ್ತಲ ಬಾಗಿಲಲ್ಲಿ ಎರಡು ಜಡೆ, ಬೆನ್ನಿಗೆ ಚೀಲ, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಒಂದು ಬನ್ನು. ಕ್ಷಮೆ ಕೇಳಲು ಅಪ್ಪ ಕಳಿಸಿದ್ದನಂತೆ. ಬಾಯಿ ತಪ್ಪಿ ಬಂದ ಮಾತಿಗೆ ಹುಡುಗಿ ಹೆದರಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆ ಪುಟ್ಟ ಕೈ ನೋಡಿ ನನ್ನ ಹಾರೆ ತಾನಾಗಿ ಕೆಳಗಿಳಿಯಿತು.

“ಕೈ ತೆಗಿ. ಏನು ಹೇಳೋಕೆ ಬಂದೆ, ಹೇಳು,” ಎಂದೆ, ನನಗೆ ಸಾಧ್ಯವಾದಷ್ಟು ಮೆಲ್ಲಗೆ. ಆಚೆ ಬೀದಿಯ ನಾಯಿಯಷ್ಟೇ ಎದ್ದಿತು.

ಅವಳು ಕೈ ತೆಗೆದಳು. “ಒಡೀಬೇಡಿ ಅಜ್ಜಿ. ಇದು ಬೆಟ್ಟ.”

“ಬೆಟ್ಟವಂತೆ! ಇದು ಕಸ ಕಣೇ. ಗಿರಣಿ ಕಲ್ಲಿನ ಪುಡಿ.”

“ಪುಸ್ತಕದಲ್ಲಿ ಹೀಗೇ ಪಟ್ಟೆ ಪಟ್ಟೆ ಚಿತ್ರ ಇದೆ. ಸವೆದ ಕಲ್ಲು ತಗ್ಗಲ್ಲಿ ಕೂತು ಮತ್ತೆ ಕಲ್ಲಾಗೋದು.” ಮಾತು ನಿಲ್ಲಿಸಿದವಳೇ ಕಣ್ಣು ಅಗಲಿಸಿದಳು. “ಅಜ್ಜಿ, ಇದು ಆ ನಾಲ್ಕು ಬೆರಳು!”

ಬನ್ನನ್ನು ನನ್ನ ಕೈಗೆ ತುರುಕಿ ಓಡಿದಳು. ನಾನು ಒಂದು ಕೈಯಲ್ಲಿ ಹಾರೆ, ಒಂದು ಕೈಯಲ್ಲಿ ಬನ್ನು ಹಿಡಿದು ಪೆಚ್ಚಾಗಿ ನಿಂತಿದ್ದೆ. ಯಾವುದನ್ನು ಮುಚ್ಚಿಡಲು ಬಂದಿದ್ದೆನೋ ಅದೇ ನನ್ನ ಸಾಕ್ಷಿ ಎಂದು ಹೊಳೆಯಲು ಅರ್ಧ ಬನ್ನು ಮುಗಿಯಬೇಕಾಯಿತು.

ಅರ್ಧ ಗಂಟೆಯಲ್ಲಿ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂವತ್ತೊಂದು ಮಕ್ಕಳು, ಸೊಸೆ, ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ಬೇಕರಿಯವನು, ಗೋಡೆಯ ಮೇಲೆ ಇಸ್ತ್ರಿಯವನ ಕತ್ತು. ಸೊಸೆ ದಿಬ್ಬದ ಮುಂದೆ ಮಂಡಿಯೂರಿ ಕೂತವಳು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ವಾರದಿಂದ ಇರದಿದ್ದ ಬೆಳಕು.

“ಅತ್ತೆ, ಈ ಬಿಳಿ ಗೆರೆ ಏನು?”

“ಸುಣ್ಣ. ಮಳೆ ಮುಗಿದ ಮೇಲೆ ವರ್ಷಕ್ಕೊಂದು ಸಲ ಗೋಡೆಗೆ ಸುಣ್ಣ ಹೊಡೀತೀವಲ್ಲ, ಮಿಕ್ಕಿದ್ದನ್ನ ಇಲ್ಲೇ ಸುರಿಯೋದು.”

“ಅದಕ್ಕೇ ಗಟ್ಟಿಯಾಗಿದೆ! ಮಕ್ಕಳೇ, ಬೂದು ಬಣ್ಣದ್ದು ಕಲ್ಲಿನ ಪುಡಿ. ಕಂದು ಬಣ್ಣದ್ದು ಮಳೆಗೆ ಕೊಚ್ಚಿ ಬಂದ ಮಣ್ಣು. ಬಿಳಿ ಗೆರೆ ಬಂತು ಅಂದ್ರೆ ಒಂದು ವರ್ಷ ಮುಗೀತು.”

ಆಮೇಲೆ ಲೆಕ್ಕ. ಕಲ್ಲಿನ ಅಗಲವನ್ನು ದಾರ ಹಿಡಿದು ಅಳೆದರು. ನಾಲ್ಕು ಬೆರಳು ದಪ್ಪ, ಮೇಲಿನದೊಂದು, ಕೆಳಗಿನದೊಂದು, ಒಟ್ಟು ಎರಡು ಕಲ್ಲು. ಸೊಸೆ ನನ್ನ ಹಿತ್ತಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುಣಿಸಿ, “ಕಾಣೆಯಾದ ಕಲ್ಲು ಸುಮಾರು ಮೂರು ಡಬ್ಬ” ಎಂದಳು. ಹಿಟ್ಟು ತುಂಬುವ ದೊಡ್ಡ ತಗಡಿನ ಡಬ್ಬ. ಬೇಕರಿಯವನು ಬಗ್ಗಿ, ಒಂದು ಚಿಟಿಕೆ ಬೂದು ಪುಡಿ ಉಜ್ಜಿ, ಅಭ್ಯಾಸಬಲದಿಂದ ನಾಲಿಗೆಗೆ ಹಚ್ಚಿಕೊಂಡು, ಥೂ ಎಂದ.

“ಕಲ್ಲೇ,” ಎಂದ. ಮಣ್ಣು, ಸುಣ್ಣ ಬಿಟ್ಟು ಬೂದು ಪಟ್ಟೆಗಳನ್ನಷ್ಟೇ ಕಣ್ಣಲ್ಲಿ ತೂಗಿದ. ಹಿಟ್ಟನ್ನು ಕಣ್ಣಳತೆಯಲ್ಲೇ ಹಾಕುವವನು, ಅವನ ಅಂದಾಜು ತಪ್ಪುವುದಿಲ್ಲ. “ಮೂರು ಡಬ್ಬಕ್ಕೆ ಚೂರು ಕಮ್ಮಿ ಇರಬಹುದು. ಎಲ್ಲಾ ಇಲ್ಲೇ ಇದೆ ಅಕ್ಕ.”

ಹುಡುಗಿ ನನ್ನ ಮುಖ ನೋಡಿ ತುಟಿ ಬಿಗಿದುಕೊಂಡಳು.

“ಹೇಳೇ,” ಎಂದೆ.

“ಆದ್ರೆ... ಆ ಚೂರು ಎಲ್ಲಿ ಹೋಯ್ತು?”

ಸುಳ್ಳು ಹೇಳಬಹುದಿತ್ತು. ಗಾಳಿಗೆ ಹೋಯಿತು, ಮಳೆಗೆ ಹೋಯಿತು ಎಂದರೆ ನಂಬುತ್ತಿದ್ದರು. ಆದರೆ ಆ ಹುಡುಗಿ ನೆಟ್ಟ ನೋಟದಲ್ಲಿ ನೋಡುತ್ತಿದ್ದಳು.

“ಆ ಚೂರನ್ನ ತಿಂದಿದ್ದೀವಿ ಕಣಮ್ಮ. ನೀನು, ನಾನು, ನಿಮ್ಮಪ್ಪ, ಈ ಇಸ್ತ್ರಿಯವನು. ಇಪ್ಪತ್ತೆಂಟು ವರ್ಷಕ್ಕೆ ಊರೆಲ್ಲ ಸೇರಿ ಒಂದೆರಡು ಲೋಟ. ಕಲ್ಲಲ್ಲಿ ಬೀಸಿದ ಹಿಟ್ಟು ತಿಂದವರೆಲ್ಲ ಅಷ್ಟು ತಿಂದೇ ಇರ್ತಾರೆ. ಉಳಿದಿದ್ದನ್ನ ಗುಡಿಸಿ ಒರೆಸಿ ಇಲ್ಲಿ ಹಾಕಿದ್ದೀವಿ. ಇಷ್ಟೇ ನಿಜ.”

ಬೇಕರಿಯವನು ಮಗಳನ್ನೂ ನೋಡಿದ, ದಿಬ್ಬವನ್ನೂ ನೋಡಿದ. “ಸಂಜೆ ಬರೋ ಪ್ಯಾಕೆಟ್‌ನವರಿಗೆ ಒಂದು ಬನ್ನು ಕೊಟ್ಟು ವಾಪಸು ಕಳಿಸ್ತೀನಿ,” ಎಂದ. “ಮಧ್ಯಾಹ್ನ ಚೀಲ ಬರುತ್ತೆ ಅಕ್ಕ. ನುಣ್ಣಗೆ ಬೀಸಿ. ಕೇಳಿದವರನ್ನ ಈ ಹಿತ್ತಲಿಗೇ ಕಳಿಸ್ತೀನಿ, ಬಂದು ನೋಡ್ಲಿ.” ಗೋಡೆಯ ಮೇಲಿನ ಕತ್ತು ಸದ್ದಿಲ್ಲದೆ ಇಳಿಯಿತು. ಸಂಜೆಯೊಳಗೆ ಈ ಸುದ್ದಿಯೂ ಊರು ಸುತ್ತುತ್ತದೆ ಎಂದು ನನಗೆ ಗೊತ್ತಿತ್ತು.

ಮಕ್ಕಳು ಸರದಿಯಲ್ಲಿ ವರ್ಷ ಎಣಿಸತೊಡಗಿದರು. ಗದ್ದಲವೋ ಗದ್ದಲ. ಬೇಕರಿಯವನ ಮಗಳ ಸರದಿ ಬಂದಾಗ ಅವಳು ಮೇಲಿನಿಂದ ಒಂದೊಂದೇ ಬಿಳಿ ಗೆರೆಗೆ ಬೆರಳಿಟ್ಟು ಇಳಿದಳು. ಒಂಬತ್ತು, ಹತ್ತು, ಹನ್ನೊಂದು. ಅಲ್ಲಿ ನಿಂತಳು.

“ಆದ್ರೆ ಅಜ್ಜಿ, ಇಲ್ಲಿ ಬಿಳಿ ಗೆರೆ ಇಲ್ಲ. ಕಲ್ಲಿನ ಪುಡೀನೂ ಇಲ್ಲ. ಬರೀ ಕಪ್ಪು. ಕೊಳೆತ ಎಲೆ. ಈ ವರ್ಷ ಏನಾಯ್ತು?”

ನಾನು ಹತ್ತಿರ ಹೋಗಿ ಬಗ್ಗಿದೆ. ಒಂದು ಬೆರಳು ದಪ್ಪದ ಕಪ್ಪು ಪಟ್ಟೆ.

“ಆ ವರ್ಷ ಗಿರಣಿ ತಿರುಗಲಿಲ್ಲ,” ಎಂದೆ. “ಈ ಮನೆ ತಾತ ತೀರಿಹೋದ ವರ್ಷ ಅದು. ಕಲ್ಲು ಕುಟ್ಟೋಕೆ ಬರ್ತಿದ್ದಿದ್ದು ಅವರಿಗೆ ಮಾತ್ರ. ಬೀಗ ಹಾಕಿ ಒಳಗೆ ಮಲಗಿಬಿಟ್ಟಿದ್ದೆ. ಆಮೇಲೆ ಎದ್ದು ಉಳಿ ಹಿಡಿಯೋದು ಕಲಿತೆ.”

ಸೊಸೆ ಮಕ್ಕಳಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಅವಳು ಈ ಮನೆಗೆ ಬಂದು ಆರು ವರ್ಷ, ಆ ವರ್ಷದ ಮಾತನ್ನು ನಾನು ಅವಳ ಎದುರು ಎಂದೂ ಎತ್ತಿರಲಿಲ್ಲ. ಹುಡುಗಿ ಕಪ್ಪು ಪಟ್ಟೆಯ ಮೇಲೂ ಕೆಳಗೂ ಬೆರಳಾಡಿಸಿದಳು.

“ಇದರ ಮೇಲೆ ಇರೋದೆಲ್ಲ ನುಣ್ಣಗಿದೆ. ಕೆಳಗೆ ಇರೋದು ತರಿ ತರಿ. ತಾತ ಜೋರಾಗಿ ಹೊಡೀತಿದ್ರಾ?”

ಜೋರಾಗಿಯೇ ಹೊಡೆಯುತ್ತಿದ್ದರು. ಅದಕ್ಕಾಗಿ ನಾನು ಪ್ರತಿ ಸಲ ಬೈಯುತ್ತಿದ್ದೆ, ‘ಹಾಗೆ ಬಡಿದರೆ ಕಲ್ಲು ಉಳಿಯುತ್ತಾ?’ ಅಂತ. ‘ಸವೆಯಲಿ ಬಿಡೇ, ಅದು ಇರೋದೇ ಸವೆಯೋಕೆ’ ಅನ್ನುತ್ತಿದ್ದರು. ಅವರ ಅಂಗಿ ಯಾರಿಗೋ ಕೊಟ್ಟೆ, ಚಪ್ಪಲಿ ಹಳತಾಯಿತು, ದನಿ ಕೂಡ ಈಚೆಗೆ ಸರಿಯಾಗಿ ನೆನಪಾಗುತ್ತಿರಲಿಲ್ಲ. ಆ ಏಟುಗಳು ಮಾತ್ರ ಅಷ್ಟೂ ಇಲ್ಲೇ ಇದ್ದವು, ವರ್ಷ ವರ್ಷವೂ ಬೇರೆ ಬೇರೆಯಾಗಿ, ಹಿತ್ತಲ ಕಸದಲ್ಲಿ. ಇನ್ನೊಂದು ಏಟು ಹಾಕಿದ್ದರೆ ಅವನ್ನು ನನ್ನ ಕೈಯಾರೆ ಚೀಲಕ್ಕೆ ತುಂಬಿ ಎಸೆದು ಬರುತ್ತಿದ್ದೆ. ಕೆಳಗಿನ ಪಟ್ಟೆಯಿಂದ ಒಂದು ಚಕ್ಕೆ ಕಿತ್ತು ಅಂಗೈಯಲ್ಲಿಟ್ಟುಕೊಂಡೆ. ಅಷ್ಟು ಜನರ ಮುಂದೆ ಅಳು ಬಂತು, ತಡೆಯಲು ಆಗಲಿಲ್ಲ.

ಹುಡುಗಿ ಗಾಬರಿಯಾಗಿ ನನ್ನ ಸೆರಗು ಹಿಡಿದಳು. “ಅಜ್ಜಿ, ನಾನು ಮತ್ತೆ ಕೇಳಬಾರದ್ದು ಕೇಳಿದ್ನಾ?”

“ಇಲ್ಲ ಕಣೇ,” ಎಂದೆ. “ಕೇಳು. ಇನ್ನೂ ಕೆಳಗೆ ಹದಿನಾರು ಗೆರೆ ಇದೆ. ಒಂದೊಂದನ್ನೂ ಕೇಳು.”

ಅವಳು ಮಂಡಿಯೂರಿ ಕೂತು ಮುಂದಿನ ಗೆರೆಗೆ ಬೆರಳಿಟ್ಟಳು.